ರಸೀದಿ ಕೈಯಲ್ಲಿರಲಿ, ರಾಗಿ ಮನೆಯಲ್ಲಿರಲಿ

ನಮ್ಮಪ್ಪ ಕಂದಾಯದ ರಸೀದಿಗಳನ್ನು ತಂತಿಗೆ ಚುಚ್ಚಿ ಇಡುತ್ತಿದ್ದರು. ತಂತಿಯ ಕೆಳಗೆ ಒಂದು ಮರದ ಬಿಲ್ಲೆ, ಮೇಲೆ ಕೊಕ್ಕೆ. ಅಟ್ಟದ ತೊಲೆಗೆ ನೇತುಹಾಕಿದ್ದ ಅದನ್ನು ನಾವು ಮಕ್ಕಳು ಯಾವತ್ತೂ ಮುಟ್ಟಿದವರಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯ ಖಾತೆ ಅವ್ವನ ಹೆಸರಿಗೆ ಮಾಡಿಸಲು ಹೋದೆವು. ಎಂಟು ವರ್ಷದ ಕಂದಾಯ ಬಾಕಿ ಇದೆ ಅಂದರು. ಕಂಪ್ಯೂಟರ್‌ನಲ್ಲಿ ಹಾಗೇ ತೋರಿಸುತ್ತಿತ್ತು.

"ನಮ್ಮೆಜಮಾನ್ರು ಒಂದು ವರ್ಷನೂ ಬಿಟ್ಟೋರಲ್ಲ ಕಣಪ್ಪ" ಅಂತ ಅವ್ವ ಕೌಂಟರ್ ಮುಂದೆ ನಿಂತು ಹೇಳಿದಳು. "ರಸೀದಿ ಇದ್ರೆ ತನ್ನಿ ಅಮ್ಮ" ಅಂದ ಒಳಗಿದ್ದ ಹುಡುಗ.

ಮನೆಗೆ ಬಂದು ಅಟ್ಟ ಹತ್ತಿ ತಂತಿ ಇಳಿಸಿದೆ. ಆರು ವರ್ಷದ ರಸೀದಿ ಸಿಕ್ಕಿತು. ಕಾರ್ಬನ್ ಹಾಳೆಯ ನೀಲಿ ಅಕ್ಷರ, ಮೊಹರು, ಸಹಿ, ಎಲ್ಲವೂ ಇತ್ತು. ಉಳಿದ ಎರಡು ವರ್ಷದ್ದೂ ತಂತಿಯಲ್ಲೇ ಇತ್ತು. ಆದರೆ ಅವು ಮೆಷಿನ್‌ನಿಂದ ಬಂದ ನುಣುಪು ಚೀಟಿಗಳು. ಕಿಟಕಿ ಬೆಳಕಿಗೆ ಹಿಡಿದು ನೋಡಿದೆ, ಓರೆ ಮಾಡಿ ನೋಡಿದೆ. ಒಂದು ಅಕ್ಷರವೂ ಉಳಿದಿರಲಿಲ್ಲ, ಪೂರ್ತಿ ಬಿಳಿ. ಆರು ವರ್ಷದ ಬಾಕಿ ಅವತ್ತೇ ತೆಗೆದುಹಾಕಿದರು. ಎರಡು ವರ್ಷದ್ದನ್ನು ನಾವು ಮತ್ತೆ ಕಟ್ಟಿದೆವು.

ಅವತ್ತಿನಿಂದ ನಾನು ಈ ವಿಷಯವನ್ನು ಬಿಟ್ಟಿಲ್ಲ. ಸ್ವಾತಂತ್ರ್ಯ ಅಂದರೆ ಆಗಸ್ಟ್ 15ರ ಬಾವುಟ ಅಂತ ಶಾಲೆಯಲ್ಲಿ ಕಲಿತೆವು. ದಿನದ ಬದುಕಿನಲ್ಲಿ ಅದು ಇನ್ನೂ ಸಣ್ಣದಾಗಿ, ಗಟ್ಟಿಯಾಗಿ ಇರುತ್ತದೆ. ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ನನ್ನ ಕೆಲಸ ಆಗಬೇಕು. ಬ್ರೋಕರ್ ಹಿಂದೆ ಓಡಾಡಬಾರದು. ನಾಲ್ಕು ದಿನ ಅಂಗಡಿ ಮುಚ್ಚಿದರೆ ಮನೆಯಲ್ಲಿ ಒಲೆ ಆರಬಾರದು. ಇದಕ್ಕೆ ಬೇಕಾದ ತಯಾರಿಯನ್ನು ನಾನು ಮಾಡಿಕೊಂಡ ರೀತಿಯಲ್ಲೇ ಬರೆಯುತ್ತೇನೆ. ಮಂಡ್ಯ, ಮೈಸೂರು ಕಡೆಯವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಅದಕ್ಕೂ ಮೊದಲು ಒಂದು ಮಾತು. "ತೆರಿಗೆ ಯಾಕ್ರೀ ಕಟ್ಟಬೇಕು, ಎಲ್ಲ ಅವರೇ ತಿಂತಾರೆ" ಅನ್ನುವವರು ನಮ್ಮಲ್ಲಿ ಜಾಸ್ತಿ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮಂಡ್ಯದ ಗದ್ದೆಗಳನ್ನೇ ನೋಡಿ. ಕನ್ನಂಬಾಡಿ ಕಟ್ಟೆಯ, ಅಂದರೆ ಈಗಿನ ಕೆಆರ್‌ಎಸ್‌ ಅಣೆಕಟ್ಟಿನ ಕೆಲಸ 1911ರಲ್ಲಿ ಶುರುವಾಯಿತು. ಕಟ್ಟೆ ಎದ್ದು, ಹುಲಿಕೆರೆ ಸುರಂಗ ಕೊರೆದು, ನಾಲೆಯಲ್ಲಿ ನೀರು ಹರಿದು ನಮ್ಮ ಬಯಲಿಗೆ ಬಂದದ್ದು ಸರ್ಕಾರದ ಬೊಕ್ಕಸದ ದುಡ್ಡಿನಿಂದ. ಅಂದರೆ ಜನ ಕಟ್ಟಿದ ಕಂದಾಯದಿಂದ. ಆ ನೀರು ಬಾರದಿದ್ದರೆ ಇಲ್ಲಿ ಕಬ್ಬೂ ಇಲ್ಲ, ಸಕ್ಕರೆ ಕಾರ್ಖಾನೆಯೂ ಇಲ್ಲ. ಹಾಗಂತ ನಮ್ಮ ಹಿರಿಯರು ಬಾಯಿಮುಚ್ಚಿಕೊಂಡು ಕೂತವರಲ್ಲ. ಅದೇ ನಾಲೆಗೆ ಆಗ ಇರ್ವಿನ್ ನಾಲೆ ಅಂತ ಹೆಸರು, ಈಗಿನ ವಿಶ್ವೇಶ್ವರಯ್ಯ ನಾಲೆ. ನೀರಿನ ಕರ ಹೊರಲಾರದಷ್ಟು ಆಯಿತು ಅಂತ 1930ರ ದಶಕದ ಆರಂಭದಲ್ಲೇ ಮಂಡ್ಯದ ರೈತರು ಎಚ್‌.ಕೆ. ವೀರಣ್ಣಗೌಡರ ಮುಂದಾಳತ್ವದಲ್ಲಿ ಚಳವಳಿ ಮಾಡಿದರು. ನೀರು ಬೇಕು ಅಂದವರೂ ಅವರೇ, ಕರ ಎಷ್ಟು ಅಂತ ಕೇಳಿದವರೂ ಅವರೇ. ಕಟ್ಟುವುದು, ಲೆಕ್ಕ ಕೇಳುವುದು, ಎರಡೂ ಒಬ್ಬನೇ ಮಾಡಬೇಕಾದ ಕೆಲಸ.

ಮೊದಲು ಒಂದು ಫೈಲು ಮಾಡಿ

ದಪ್ಪ ರಟ್ಟಿನ, ಪ್ಲಾಸ್ಟಿಕ್ ಹಾಳೆಗಳಿರುವ ಫೈಲು ತನ್ನಿ. ಪುಸ್ತಕದಂಗಡಿಯಲ್ಲಿ ಸಿಗುತ್ತದೆ. ಒಂದು ಭಾನುವಾರ ಕೂತು ಮನೆಯಲ್ಲಿರುವ ಕಾಗದಗಳನ್ನೆಲ್ಲ ಚಾಪೆ ಮೇಲೆ ಹರಡಿ. ಅರ್ಧ ದಿನ ಹಿಡಿಯುತ್ತದೆ, ಬೇಸರ ಮಾಡಬೇಡಿ.

ಮನೆಯ ಕಂದಾಯದ ರಸೀದಿಗಳು ವರ್ಷದ ಪ್ರಕಾರ ಮೊದಲು ಬರಲಿ. ಮೆಷಿನ್ ಚೀಟಿ ಕೊಟ್ಟಿದ್ದರೆ ಅವತ್ತೇ ಜೆರಾಕ್ಸ್ ಮಾಡಿಸಿ ಜೊತೆಗೆ ಇಡಿ. ಎರಡು ರೂಪಾಯಿಯ ಕೆಲಸಕ್ಕೆ ಸೋಮಾರಿತನ ಮಾಡಿ ನಾವು ಎರಡು ವರ್ಷದ ಕಂದಾಯ ಮತ್ತೆ ಕಟ್ಟಿದ್ದೇವೆ. ಫೋನಿನಲ್ಲಿ ಒಂದು ಫೋಟೋ ತೆಗೆದು ಮಕ್ಕಳಿಗೂ ಕಳಿಸಿಡಿ.

ಹಳ್ಳಿಯ ಮನೆ, ಸೈಟು ಆದರೆ ನಮೂನೆ 9 ಮತ್ತು 11 ಇರಬೇಕು. ಇ-ಸ್ವತ್ತು ಅಂತ ಕರೆಯುವುದು ಇದನ್ನೇ. ಪಟ್ಟಣದಲ್ಲಾದರೆ ಇ-ಖಾತೆ. ಜಮೀನಿದ್ದರೆ ಪಹಣಿ (ಜಮೀನು ಯಾರದು, ಎಷ್ಟು, ಬೆಳೆ ಏನು ಅಂತ ತೋರಿಸುವ ದಾಖಲೆ), ಮ್ಯುಟೇಷನ್ (ಹಕ್ಕು ಬದಲಾವಣೆ) ಪ್ರತಿ, ಕ್ರಯಪತ್ರ ಅಥವಾ ವಿಭಾಗಪತ್ರ, ಜೊತೆಗೆ ಋಣಭಾರ ಪತ್ರ. ಇವುಗಳ ಹಿಂದೆ ಆಧಾರ್, ರೇಷನ್ ಕಾರ್ಡ್, ಮಕ್ಕಳ ಜನನ ಪತ್ರ, ಬ್ಯಾಂಕ್ ಪಾಸ್‌ಬುಕ್ ಮೊದಲ ಪುಟ, ವಿಮೆ ಬಾಂಡ್. ಎಲ್ಲದರದ್ದೂ ಜೆರಾಕ್ಸ್ ಒಂದು ಕಡೆ, ಅಸಲು ಇನ್ನೊಂದು ಕಡೆ ಇರಲಿ. ಅಸಲನ್ನು ಯಾರ ಕೈಗೂ ಕೊಟ್ಟು ಬರಬೇಡಿ, ತೋರಿಸಿ ವಾಪಸ್ ತನ್ನಿ.

ಮೈಸೂರಿನಂಥ ಪಾಲಿಕೆ ಇರುವ ಕಡೆ ಮನೆಯವರು ಏಪ್ರಿಲ್ ತಿಂಗಳನ್ನು ಬಿಡಬೇಡಿ. ಹೊಸ ವರ್ಷದ ಕಂದಾಯವನ್ನು ಆ ತಿಂಗಳೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ತಡ ಮಾಡುತ್ತಾ ಹೋದರೆ ದಂಡ ಬೀಳುತ್ತದೆ. ರಸೀದಿಯನ್ನು ಒಮ್ಮೆ ಸಾವಧಾನವಾಗಿ ಓದಿ. ಕಂದಾಯದ ಕೆಳಗೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಊರಿನ ಲೈಬ್ರರಿಗೆ ನೀವು ದುಡ್ಡು ಕೊಡುತ್ತಲೇ ಇದ್ದೀರಿ. ಪೇಪರ್ ಓದುವುದಕ್ಕಾದರೂ ಅಲ್ಲಿಗೆ ಹೋಗಿ, ಮಕ್ಕಳನ್ನು ಕರೆದುಕೊಂಡು ಹೋಗಿ. ಪುಸ್ತಕ ಹರಿದಿದ್ದರೆ, ಫ್ಯಾನ್ ತಿರುಗದಿದ್ದರೆ ಕೇಳುವ ಹಕ್ಕು ಆ ರಸೀದಿಯ ಆ ಒಂದು ಸಾಲಿನಲ್ಲೇ ಇದೆ.

ಪಹಣಿಯನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಿ

ಜಮೀನಿರುವವರಿಗೆ ಇದು ಬಹಳ ಮುಖ್ಯ. "ನಮ್ಮ ಜಮೀನು ಎಲ್ಲಿ ಹೋಗುತ್ತೆ" ಅಂತ ಹತ್ತು ವರ್ಷ ಪಹಣಿ ನೋಡದವರನ್ನು ಬಲ್ಲೆ. ಯುಗಾದಿ ಆದ ಮೇಲೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಹೊನ್ನಾರು ಕಟ್ಟುವ ಹೊತ್ತಿಗೆ ಪಹಣಿಯೂ ಕೈಯಲ್ಲಿರಲಿ.

ನೋಡಬೇಕಾದ ಜಾಗ ಮೂರೇ. 9ನೇ ಕಾಲಂನಲ್ಲಿ ಹೆಸರು. ಅಪ್ಪನ ಹೆಸರು, ಇನಿಷಿಯಲ್, ವಿಸ್ತೀರ್ಣ ಸರಿಯಾಗಿದೆಯಾ ನೋಡಿ. ಎಕರೆಗೆ 40 ಗುಂಟೆ ಲೆಕ್ಕದಲ್ಲಿ ಎಲ್ಲರ ಪಾಲೂ ಕೂಡಿದರೆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣಕ್ಕೆ ತಾಳೆ ಆಗಬೇಕು. ಆಮೇಲೆ 11ನೇ ಕಾಲಂ. ಬೋಜಾ, ಅಂದರೆ ಜಮೀನಿನ ಮೇಲಿನ ಸಾಲದ ನಮೂದು ಇರುವುದು ಇಲ್ಲಿ. ಬ್ಯಾಂಕಿನ ಅಥವಾ ಸೊಸೈಟಿಯ ಸಾಲ ತೀರಿಸಿ ಮೂರು ವರ್ಷವಾದರೂ ಬೋಜಾ ಹಾಗೇ ಕೂತಿರುವುದು ಬಹಳ ಸಾಮಾನ್ಯ. ಸಾಲ ತೀರಿದ ದಿನವೇ ಋಣಮುಕ್ತ ಪತ್ರ ಇಸ್ಕೊಂಡು ಬೋಜಾ ತೆಗೆಸಲು ಅರ್ಜಿ ಕೊಡಿ. 12ನೇ ಕಾಲಂನಲ್ಲಿ ಸಾಗುವಳಿ ಮತ್ತು ಬೆಳೆ. ನೀವು ಭತ್ತ ಹಾಕಿದ್ದು ಅಲ್ಲಿ ಇನ್ನೇನೋ ಆಗಿದ್ದರೆ ಬೆಳೆ ಪರಿಹಾರ ಬರುವಾಗ ತೊಂದರೆ ಆಗುತ್ತದೆ.

ಮನೆಯ ಹಿರಿಯರು ತೀರಿಕೊಂಡಿದ್ದರೆ ಪೌತಿ ಖಾತೆಯನ್ನು, ಅಂದರೆ ಅವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದನ್ನು ಮುಂದೂಡಬೇಡಿ. ಮರಣ ಪತ್ರ, ವಂಶವೃಕ್ಷ, ಅರ್ಜಿ. ಅಣ್ಣತಮ್ಮಂದಿರು ಒಂದೇ ಚಾವಡಿಯಲ್ಲಿ ಕೂತು ಊಟ ಮಾಡುವ ಕಾಲದಲ್ಲೇ ಇದು ಮುಗಿಯಬೇಕು. ಅಕ್ಕತಂಗಿಯರ ಹೆಸರು ಬಿಡಬೇಡಿ. ಬಿಟ್ಟರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅನ್ನುವುದು ಒಂದು, ಅದು ಅವರ ಪಾಲು ಅನ್ನುವುದು ಇನ್ನೊಂದು.

ಅಂಗಡಿ ಬಿಲ್ಲು ಓದುವುದು ಕಲಿಯಿರಿ

ತೆರಿಗೆ ಕಟ್ಟುವವರು ಸಂಬಳದವರು ಮಾತ್ರ ಅಂತ ಒಂದು ತಪ್ಪು ತಿಳಿವಳಿಕೆ ಇದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಕೂಲಿಗೆ ಹೋಗುವ ಹೆಂಗಸು 299 ರೂಪಾಯಿ ಫೋನ್ ರೀಚಾರ್ಜ್ ಮಾಡಿಸಿದರೆ ಅದರಲ್ಲಿ ಸುಮಾರು 45 ರೂಪಾಯಿ 60 ಪೈಸೆ ತೆರಿಗೆ. ಫೋನಿಗೆ ಜಿಎಸ್‌ಟಿ ಶೇ 18. ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗೂ ಮೊದಲು ಅಷ್ಟೇ ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತು. ನಮ್ಮ ಆಲೆಮನೆಯಿಂದ ಬಿಡಿಯಾಗಿ ತಂದ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ. ಅದನ್ನೇ ಪ್ಯಾಕೆಟ್ಟಿಗೆ ಹಾಕಿ ಲೇಬಲ್ ಅಂಟಿಸಿದರೆ ಶೇ 5.

ಒಂದು ತಿಂಗಳ ಬಿಲ್ಲುಗಳನ್ನು ಎಸೆಯದೆ ಕೂಡಿಡಿ. ಕೊನೆಗೆ ಬಿಲ್ಲಿನ ಕೆಳಗಿರುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡನ್ನೂ ಕೂಡಿಸಿ ಬರೆಯಿರಿ. ಮೊದಲನೆಯದು ಕೇಂದ್ರಕ್ಕೆ, ಎರಡನೆಯದು ರಾಜ್ಯಕ್ಕೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಅದರ ಮೇಲೆ ಮತ್ತೆ ಹಾಕಿದರೆ ಕೊಡಬೇಡಿ. ಈ ಲೆಕ್ಕವನ್ನು ನಮ್ಮ ಮನೆಯಲ್ಲಿ ನನ್ನ ಮಗಳು ಮಾಡಿದಳು. ಆರನೇ ಕ್ಲಾಸಿನ ಹುಡುಗಿ. "ಅಪ್ಪಾ, ನಮ್ಮ ಸ್ಕೂಲ್ ಮುಂದಿನ ರೋಡಿಗೆ ನಾನೂ ದುಡ್ಡು ಕೊಟ್ಟಿದೀನಿ ಅಲ್ವಾ?" ಅಂತ ಕೇಳಿದಳು. ಹೌದು ಮಗಳೇ ಅಂದೆ.

ಸಂವಿಧಾನದ 265ನೇ ವಿಧಿ ಒಂದೇ ಸಾಲಿನದು. ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ ಅನ್ನುತ್ತದೆ ಅದು. ಯಾರಾದರೂ ರಸೀದಿ ಇಲ್ಲದೆ ದುಡ್ಡು ಕೇಳಿದರೆ ಇದನ್ನು ನೆನಪಿಡಿ. "ಯಾವ ಲೆಕ್ಕಕ್ಕೆ ಸಾರ್? ರಸೀದಿ ಕೊಡ್ತೀರಾ?" ಇಷ್ಟು ಕೇಳಿದರೆ ಸಾಕು. ಜಗಳ ಬೇಡ, ದನಿ ಏರಿಸುವುದೂ ಬೇಡ.

ಮನೆಯಲ್ಲಿ ಎರಡು ವಾರಕ್ಕಾಗುವಷ್ಟು ಇರಲಿ

ನಮ್ಮ ಕಡೆಯವರಿಗೆ ಬಂದ್ ಹೊಸದಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ ಆದಾಗ ಹೆದ್ದಾರಿ ಬಂದ್, ಬಸ್ ಇಲ್ಲ, ಅಂಗಡಿ ಇಲ್ಲ. ಅದೇ ವರ್ಷ ನವೆಂಬರ್ 8ರ ರಾತ್ರಿ 500, 1000ದ ನೋಟು ಹೋದವು. 2018, 2019ರ ಆಗಸ್ಟ್‌ನಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಶ್ರೀರಂಗಪಟ್ಟಣದ ಹೊಳೆದಂಡೆಯವರು ಸಾಮಾನು ಹೊತ್ತುಕೊಂಡು ಎದ್ದರು. 2020ರ ಮಾರ್ಚ್ ಬಗ್ಗೆ ಹೇಳಬೇಕಾಗಿಲ್ಲ. ಇಷ್ಟೆಲ್ಲ ನೋಡಿದ ಮೇಲೂ ಇವತ್ತಿನ ಅಕ್ಕಿ ಇವತ್ತೇ ತರುವುದು ಸರಿಯಲ್ಲ.

ಹಳೆಯವರಿಗೆ ಈ ಬುದ್ಧಿ ಇತ್ತು. ಊರ ಬಯಲಿನಲ್ಲಿ, ಮನೆಯ ಹಜಾರದಲ್ಲಿ ಹಗೇವು ತೋಡಿಸುತ್ತಿದ್ದರು. ನೆಲದೊಳಗೆ ಗಡಿಗೆಯ ಆಕಾರದ ಗುಂಡಿ, ಬಾಯಿ ಕಿರಿದು, ಹೊಟ್ಟೆ ಅಗಲ. ತಳಕ್ಕೂ ಸುತ್ತಲೂ ಹುಲ್ಲು ಹಾಸಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಬಳಿದರೆ ವರ್ಷಗಟ್ಟಲೆ ಕೆಡದು. ರಾಗಿಗೆ ಹುಳ ಹತ್ತುವುದೂ ಕಡಿಮೆ. ಹಗೇವು ತೆರೆದ ತಕ್ಷಣ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಬರಗಾಲಕ್ಕೆ ಹೆದರದೆ ಕೂತಿರಲು ಅವರಿಗೆ ಧೈರ್ಯ ಕೊಟ್ಟದ್ದು ಆ ಗುಂಡಿ. ಮಳೆ ಕೈಕೊಟ್ಟ ವರ್ಷ ಹಗೇವಿದ್ದ ಮನೆಯವರು ಸಾಹುಕಾರನ ಬಾಗಿಲಿಗೆ ಹೋಗಬೇಕಾಗಿರಲಿಲ್ಲ.

ಈಗ ಹಗೇವು ಬೇಡ, ಮುಚ್ಚಳ ಬಿಗಿಯಾಗಿರುವ ಒಂದು ಡ್ರಮ್ ಸಾಕು. ನಾಲ್ಕು ಜನರ ಮನೆಗೆ ನಾನು ಇಟ್ಟುಕೊಂಡಿರುವುದು ಇಷ್ಟು: ರಾಗಿ 10 ಕೆಜಿ, ಅಕ್ಕಿ 10 ಕೆಜಿ, ಬೇಳೆ ಮತ್ತು ಹುರುಳಿ ಸೇರಿ 4 ಕೆಜಿ, ಎಣ್ಣೆ, ಉಪ್ಪು, ಬೆಲ್ಲ, ಹುಣಸೆಹಣ್ಣು. ಹಳೆಯದನ್ನು ಮೊದಲು ಬಳಸಿ, ಹೊಸದನ್ನು ಕೆಳಗೆ ಹಾಕಿ. ಗ್ಯಾಸ್ ಒಂದು ಮುಗಿದ ದಿನವೇ ಇನ್ನೊಂದು ಬುಕ್ ಮಾಡಿ. ಕುಡಿಯುವ ನೀರು ತಲೆಗೆ ದಿನಕ್ಕೆ 4 ಲೀಟರ್ ಲೆಕ್ಕ ಹಿಡಿದು ಮೂರು ದಿನಕ್ಕಾಗುವಷ್ಟು ತುಂಬಿಡಿ. ನಾಲೆ, ನದಿ ಇರುವ ಊರಿನವರು ಇದನ್ನು ಸುಮ್ನೆ ಅಂದುಕೊಳ್ಳಬೇಡಿ. ಪ್ರವಾಹದಲ್ಲಿ ಮೊದಲು ಕೆಡುವುದೇ ಕುಡಿಯುವ ನೀರು.

ಬಿಪಿ, ಶುಗರ್ ಮಾತ್ರೆ 15 ದಿನದ್ದು ಯಾವಾಗಲೂ ಮುಂಗಡ ಇರಲಿ, ಡಾಕ್ಟರ್ ಚೀಟಿಯ ಜೆರಾಕ್ಸ್ ಜೊತೆಗೆ. ಟಾರ್ಚ್, ಬೆಂಕಿಪೊಟ್ಟಣ, ಪವರ್ ಬ್ಯಾಂಕ್.

ದುಡ್ಡಿನ ವಿಚಾರ. ಫೋನ್‌ಪೇ ಇದೆ ಅಂತ ಮನೆಯಲ್ಲಿ ಒಂದು ನೋಟೂ ಇಲ್ಲದವರು ಜಾಸ್ತಿ ಆಗಿದ್ದಾರೆ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ ಅಂದರೆ ಹಾಲಿನವನಿಗೆ ಏನು ಕೊಡುತ್ತೀರಿ? ಒಂದು ವಾರದ ಖರ್ಚಿನಷ್ಟು ಹಣ ಇರಲಿ, ಅದರಲ್ಲಿ 10, 20, 50, 100ರ ಚಿಲ್ಲರೆ ನೋಟು ಹೆಚ್ಚಿರಲಿ. ಅದಕ್ಕಿಂತ ಜಾಸ್ತಿ ಮನೆಯಲ್ಲಿ ಇಡಬೇಡಿ. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಬರುತ್ತವೆ. ಆದರೆ ಪತ್ತಿನ ಸಹಕಾರ ಸಂಘಗಳು ಬರುವುದಿಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು ಕೊಡುತ್ತಾರೆ ಅಂತ ಮಗಳ ಮದುವೆ ದುಡ್ಡನ್ನು ಪೂರ್ತಿ ಅಲ್ಲಿ ಹಾಕುವವರು ಇದನ್ನು ತಿಳಿದುಕೊಂಡು ಹಾಕಿ.

ಕೊನೆಗೆ ಒಂದು ಬಿಳಿ ಹಾಳೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ತುರ್ತಿಗೆ 112, ಕರೆಂಟಿಗೆ 1912, ಆನ್‌ಲೈನ್ ಮೋಸಕ್ಕೆ 1930, ಉಚಿತ ಕಾನೂನು ನೆರವಿಗೆ 15100 ಅಂತ ಬರೆಯಿರಿ. ಕೆಳಗೆ ನೆಂಟರು, ಪಕ್ಕದ ಮನೆಯವರು, ಆಟೋದವರ ನಂಬರು. ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿ. ಫೋನ್ ಆಫ್ ಆದರೆ ನಮ್ಮಲ್ಲಿ ಯಾರಿಗೂ ಯಾರ ನಂಬರೂ ನೆನಪಿಲ್ಲ.

ಪೊಲೀಸ್ ವಿಚಾರದಲ್ಲಿ ಎರಡೇ ಮಾತು. ಬಂಧಿಸಿದರೆ ಕಾರಣ ಹೇಳಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ.

ಆಮೇಲೆ ಕೇಳಿ, ಬರವಣಿಗೆಯಲ್ಲಿ ಕೇಳಿ

1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ದಸರೆಯ ಹೊತ್ತಿಗೆ ತಾಲ್ಲೂಕುಗಳಿಂದ ರೈತರು, ವರ್ತಕರು ಬಂದು ಸೇರುತ್ತಿದ್ದರು. ಸರ್ಕಾರದ ಆದಾಯ ಎಷ್ಟು, ಖರ್ಚು ಎಷ್ಟು ಅಂತ ದಿವಾನರು ಅವರ ಮುಂದೆ ಹೇಳುತ್ತಿದ್ದರು. ಆ ಸದಸ್ಯರಿಗೆ ಆಗ ಅಹವಾಲು ಹೇಳಿಕೊಳ್ಳುವ ಅವಕಾಶವಷ್ಟೇ ಇತ್ತು, ತೀರ್ಮಾನ ಮಾಡುವ ಅಧಿಕಾರ ಇರಲಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಇದ್ದರೂ ಬಾವುಟ ಏರಿಸಿದವರು ಆ ಅಧಿಕಾರವನ್ನೇ ಕೇಳಿದ್ದು. ಹಳೇ ಹೆದ್ದಾರಿಯಲ್ಲಿ ಹೋಗುವಾಗ ಅಲ್ಲಿನ ಸತ್ಯಾಗ್ರಹ ಸೌಧದ ಮುಂದೆ ಐದು ನಿಮಿಷ ನಿಲ್ಲಿ. ಈಗ ನಮ್ಮ ಕೈಯಲ್ಲಿರುವುದು ಅವರಿಗೆ ಇರಲಿಲ್ಲ. ಅದನ್ನು ಬಳಸದೆ ಬಿಟ್ಟರೆ ನನಗೆ ಸಂಕಟ ಆಗುತ್ತದೆ.

ಯಾವ ಅರ್ಜಿ ಕೊಟ್ಟರೂ ಸಕಾಲ ಸ್ವೀಕೃತಿ ಕೇಳಿ. ಸರ್ಕಾರಿ ಕೆಲಸ ಗೊತ್ತಾದ ದಿನದೊಳಗೆ ಆಗಬೇಕು ಅನ್ನುವ ಈ ಸಕಾಲ ವ್ಯವಸ್ಥೆ ರಾಜ್ಯದಾದ್ಯಂತ ಬಂದದ್ದು 2012ರ ಏಪ್ರಿಲ್‌ನಲ್ಲಿ. ಸ್ವೀಕೃತಿಯಲ್ಲಿ ಒಂದು ಉದ್ದ ನಂಬರು, ಕೆಲಸ ಆಗಬೇಕಾದ ಕೊನೆ ದಿನ ಇರುತ್ತದೆ. ಆ ದಿನ ದಾಟಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ತಡಕ್ಕೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ದುಡ್ಡು ಸಣ್ಣದು, ಆದರೆ ಅದು ಹೊಣೆಗಾರರಿಂದ ವಸೂಲಾಗುವ ದುಡ್ಡು, ಅದಕ್ಕೆ ಬೆಲೆ ಇದೆ. ಸ್ವೀಕೃತಿ ತೆಗೆದುಕೊಳ್ಳದೆ ಕಾಗದ ಕೊಟ್ಟು ಬಂದರೆ ನೀವು ಕೊಟ್ಟೇ ಇಲ್ಲ ಅಂತ ಲೆಕ್ಕ.

ಮಾಹಿತಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಬರೆಯುವಾಗ "ನಮ್ಮ ರಸ್ತೆ ಯಾಕೆ ಹಾಳಾಗಿದೆ" ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ಅವರು ಉತ್ತರ ಕೊಡುವುದಿಲ್ಲ. "ಇಂಥ ಬೀದಿಯ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲಿನ ಪ್ರತಿ ಕೊಡಿ" ಅಂತ ಬರೆಯಿರಿ. ಕಾಗದ ಕೇಳಬೇಕು, ಕಾರಣವನ್ನು ಕಾಗದವೇ ಹೇಳುತ್ತದೆ. ಸಿಟ್ಟಿನಲ್ಲಿ ಬರೆಯಬೇಡಿ. ಪಕ್ಕದವನ ಮೇಲಿನ ಹಗೆ ತೀರಿಸಿಕೊಳ್ಳಲು ಈ ಕಾಯ್ದೆ ಬಳಸುವವರನ್ನು ನೋಡಿ ನನಗೆ ಬೇಸರವಾಗಿದೆ.

ಹಳ್ಳಿಯವರಿಗೆ ಇವೆಲ್ಲಕ್ಕಿಂತ ಹತ್ತಿರದ ದಾರಿ ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ವರ್ಷಕ್ಕೊಮ್ಮೆ ಜಮಾಬಂದಿ ಇದೆ, ಪಂಚಾಯಿತಿಯ ಲೆಕ್ಕವನ್ನೂ ಕೆಲಸವನ್ನೂ ಊರವರ ಮುಂದೆ ಇಡುವ ದಿನ. ತಾರೀಖನ್ನು ಮೊದಲೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ, ಬೀದಿಯ ಏಳೆಂಟು ಜನ ಹೋಗಿ, ಹೆಂಗಸರನ್ನು ಮುಂದೆ ಕೂರಿಸಿ. ಒಂದೇ ಪ್ರಶ್ನೆ ಬರೆದುಕೊಂಡು ಹೋಗಿ. ಹತ್ತು ಕೇಳಿದರೆ ಹತ್ತೂ ಗಾಳಿಗೆ ಹೋಗುತ್ತವೆ. ಉತ್ತರ ಏನೇ ಬರಲಿ, ಅದನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿ, ಬರೆದದ್ದನ್ನು ಅಲ್ಲೇ ಓದಿಸಿ ಕೇಳಿ. ಆಮೇಲೆ ಸಹಿ ಹಾಕಿ. ಖಾಲಿ ಪುಟಕ್ಕೆ ಸಹಿ ಹಾಕಬೇಡಿ.

ಅವ್ವ ಈಗ ಕಂದಾಯ ಕಟ್ಟಲು ತಾನೇ ಹೋಗುತ್ತಾಳೆ. ಓದಲು ಬರುವುದಿಲ್ಲ, ಸಹಿ ಮಾತ್ರ ಹಾಕುತ್ತಾಳೆ. ಮೆಷಿನ್ ಚೀಟಿ ಕೈಗೆ ಬಂದ ತಕ್ಷಣ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಎರಡು ಪ್ರತಿ ಮಾಡಿಸುತ್ತಾಳೆ. ಒಂದು ಫೈಲಿಗೆ, ಇನ್ನೊಂದು ಅಪ್ಪನ ತಂತಿಗೆ.